ಘನಾಕೃತಿಗಳೂ ಅವುಗಳ ಛೇದಗಳೂ



ರೇಖಾಗಣಿತವನ್ನು ಕುರಿತು ಬಾನುಲಿಯಲ್ಲಿ ಭಾಷಣಮಾಡಲು ಹೊರಟಿರುವೆನೆಂದು ಕೇಳಿ ನನ್ನ ಮಿತ್ರರೊಬ್ಬರು ನಕ್ಕರು. ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ, ಕೇಳುವವರ ಮುಖವೂ ಕಾಣುವಂತಿಲ್ಲ. ಹೀಗಿರುವಾಗ ಆಕೃತಿಗಳ ವಿಚಾರವನ್ನು ಕಿವಿಗೆ ಹೇಳುವುದು ಹೇಗೆ, ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ನ್ಯಾಯವಾದುದೇ. ಆದರೆ ಘನಾಕೃತಿಗಳ ವಿಷಯದಲ್ಲಿ ಕರಿಹಲಗೆಯು ಎಷ್ಟು ಉಪಕಾರವನ್ನು ಮಾಡುವುದೋ ಅಷ್ಟೇ ಅಪಕಾರವನ್ನೂ ಮಾಡುವುದೆಂದು ನಾನು ಅನುಭವದಿಂದ ಕಂಡುಕೊಂಡಿದ್ದೇನೆ. ಹಲಗೆಯು ಚಪ್ಪಟೆಯಾದುದು. ಅದರ ಮೇಲೆ ಬರೆದ ಗೋಳವು ಬರಿಯ ವೃತ್ತ. ಸಮಘನವು ಒಂದರೊಳಗೊಂದು ಸಿಕ್ಕಿಕೊಂಡ ಎರಡು ಚೌಕಗಳು. ವಿದ್ಯಾರ್ಥಿಯು ಆ ಗೆರೆಗಳನ್ನು ನಕಲುಮಾಡಿಕೊಳ್ಳುತ್ತಾನೆ. ವಸ್ತುವು ಅವನ ಮನಸ್ಸಿಗೆ ಬರುವುದೇ ಇಲ್ಲ. ಆದಕಾರಣ ಈ ದಿನ ಹಲಗೆಯಿಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ತಮ್ಮ ಅಡಿಗೆಯ ಮನೆಯಲ್ಲಿ ಒಂದು ಸೌತೆಕಾಯಿ, ಒಂದು ಸಾಬೂನಿನ ಗಟ್ಟಿ, ಒಂದು ಚೂರಿ ಇದ್ದರೆ ಸಾಕು.

ಮೊದಲು ನನ್ನ ಅಜ್ಞಾನದ ಕಥೆಯೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬಚ್ಚಲುಮನೆಯ ಹಂಡೆಯ ಒಲೆಗೆ ಹೊಗೆಯ ಕೊಳವೆಯನ್ನು ಹಾಕಿಸಬೇಕಾಗಿ ಬಂದಿತು. ಕೊಳವೆಯು ನೆಟ್ಟಗೆ ಮೇಲಕ್ಕೆ ಹೋಗಿ, ಅಲ್ಲಿಂದ ಮೊಳಕೈಯಂತೆ ಬಾಗಿ, ಗೋಡೆಯ ಹೊರಕ್ಕೆ ಹೋಗಬೇಕು. ತಗಡಿನ ಕೆಲಸದ ಸಾಹೇಬರೊಬ್ಬರು ಬಂದರು, ವೃದ್ಧರು. ಅವರು ತಗಡನ್ನು ಅಂಗಳದಲ್ಲಿ ಹರಡಿ, ಚೀಲದಿಂದ ಒಂದು ಮಾಸಿದ ರಟ್ಟಿನ ಮಾದರಿಯನ್ನು ತೆಗೆದು ಅದರ ಮೇಲಿಟ್ಟು, ಅಂಚಿನ ಗುಂಟ ಗೆರೆಯೆಳೆದರು. ಆ ಗೆರೆಯು ನೇರವಾಗಿರಲಿಲ್ಲ. ಕೆರೆಯ ಅಲೆಯಂತೆ ಏರಿ ಇಳಿದಿತ್ತು. ಆ ಗೆರೆಯ ಮೇಲೆಯೇ ಕತ್ತರಿಸಿ, ತಗಡನ್ನು ಸುರುಳಿ ಸುತ್ತಿ, ಎರಡು ತುಂಡುಗಳನ್ನು ಬಾಯಿಗೆ ಬಾಯಿ ಕೂಡಿಸಿದರು. ಕೂದಲೆಳೆಯಷ್ಟೂ ಸಂದಿಲ್ಲದಂತೆ ಮೊಳಕೈಯು ಕೂಡಿಕೊಂಡಿತು.

“ಸಾಹೇಬರೇ, ಈ ಗೆರೆಯು ಹೀಗೇ ಇರಬೇಕೆಂದು ನಿಮಗೆ ಹೇಗೆ ಗೊತ್ತು?” ಎಂದು ಕೇಳಿದೆನು.

“ನಮ್ಮ ತಂದೆಯವರು ಹೀಗೇ ಕತ್ತರಿಸುತ್ತಿದ್ದರು, ಸ್ವಾಮಿ. ನೆಟ್ಟಗೆ ಕತ್ತರಿಸಿದರೆ ಬಾಯಿ ಕೂಡುವುದಿಲ್ಲ. ತಾವು ಓದಿದವರು, ಈ ಗೆರೆಗೆ ಏನು ಹೆಸರೋ ತಾವೇ ಹೇಳಬೇಕು” ಎಂದರು.

ಹದಿನೈದು ವರ್ಷಗಳಿಂದ ಗಣಿತವನ್ನು ಬೋಧಿಸುತ್ತಿದ್ದ ನನಗೆ ಆ ಗಳಿಗೆಯಲ್ಲಿ ಉತ್ತರವು ತೋಚಲಿಲ್ಲ. ಏನೋ ಹೇಳಿ ಒಳಕ್ಕೆ ಹೋದೆನು. ರಾತ್ರಿ ಒಂದು ಮೇಣದಬತ್ತಿಗೆ ಕಾಗದವನ್ನು ಸುತ್ತಿ, ಚೂರಿಯಿಂದ ಬತ್ತಿಯನ್ನೂ ಕಾಗದವನ್ನೂ ಒಟ್ಟಿಗೆ ಓರೆಯಾಗಿ ಕತ್ತರಿಸಿ, ಕಾಗದವನ್ನು ಬಿಚ್ಚಿ ನೋಡಿದೆನು. ಅದೇ ಅಲೆ! ವಾರಕ್ಕೊಮ್ಮೆ ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಸೈನ್ ವಕ್ರರೇಖೆಯೇ ಅದು. ನಾನು ಹೆಸರನ್ನು ಬಲ್ಲವನಾಗಿದ್ದೆ, ವಸ್ತುವನ್ನು ಅರಿಯದೆ ಇದ್ದೆ. ಆ ವೃದ್ಧರು ವಸ್ತುವನ್ನು ಬಲ್ಲವರಾಗಿದ್ದರು, ಹೆಸರನ್ನು ಅರಿತಿರಲಿಲ್ಲ. ಇಬ್ಬರಲ್ಲಿ ಯಾರ ಅಜ್ಞಾನವು ದೊಡ್ಡದೆಂಬುದನ್ನು ತಾವೇ ನಿರ್ಣಯಿಸಬಹುದು.

ಈ ಅಲೆಯು ಬರುವುದಕ್ಕೆ ಕಾರಣವು ಸುಲಭವಾಗಿದೆ. ಓರೆಯಾಗಿ ಕತ್ತರಿಸಿದ ಕೊಳವೆಯ ಅಂಚಿನ ಮೇಲೆ ಇರುವೆಯೊಂದು ಒಂದು ಸುತ್ತು ಬರುವುದೆಂದು ಭಾವಿಸೋಣ. ಕೊಯ್ತವು ಇಳಿಜಾರಾದ ಸಮತಲವಾದುದರಿಂದ, ಇರುವೆಯು ನಡುವಿನಿಂದ ಇಳಿಜಾರಿನ ಎತ್ತರದ ಕಡೆಗೆ ಎಷ್ಟು ಸರಿಯುವುದೋ ಅದಕ್ಕೆ ಅನುಗುಣವಾಗಿ ಮೇಲೇರುವುದು. ಆಚೆಯ ಕಡೆಗೆ ಸರಿದಷ್ಟೂ ಇಳಿಯುವುದು. ವೃತ್ತದ ಮೇಲೆ ಸುತ್ತುವ ಬಿಂದುವು ನಡುಗೆರೆಯಿಂದ ಎಷ್ಟು ಸರಿದಿದೆಯೆಂಬ ಅಳತೆಗೇ ನಮ್ಮ ಪೂರ್ವಿಕರು ಜ್ಯಾ ಎಂದು ಹೆಸರಿಟ್ಟರು. ಆ ಮಾತೇ ಅರಬ್ಬರ ಮೂಲಕ ಪಶ್ಚಿಮಕ್ಕೆ ಹೋಗಿ, ಲ್ಯಾಟಿನ್ನಿನಲ್ಲಿ ವೇಷ ಬದಲಾಯಿಸಿಕೊಂಡು, ಸೈನ್ ಎಂದು ನಮ್ಮ ಪಠ್ಯಪುಸ್ತಕಗಳಿಗೆ ಮರಳಿ ಬಂದಿದೆ. ಕೊಳವೆಯನ್ನು ಅಕ್ಷಕ್ಕೆ 45 ಅಂಶ ಓರೆಯಾಗಿ ಕತ್ತರಿಸಿ, ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ ಕೂಡಿಸಿದರೆ, ಸರಿಯಾದ ಲಂಬಕೋನದ ಮೊಳಕೈಯಾಗುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಘನಾಕೃತಿಯನ್ನು ಸಮತಲವೊಂದು ಕತ್ತರಿಸಿದಾಗ ಉಂಟಾಗುವ ಚಪ್ಪಟೆಯ ಮುಖಕ್ಕೆ ಛೇದವೆಂದು ಹೆಸರು. ಛೇದವನ್ನು ನೆರಳಿನೊಡನೆ ಕಲಸಿಕೊಳ್ಳಬಾರದು. ನೆರಳು ವಸ್ತುವಿನ ಹೊರಮೈಯನ್ನು ಮಾತ್ರ ತಿಳಿಸುವುದು. ಛೇದವು ಒಳಗನ್ನು ತೋರಿಸುವುದು. ಟೊಳ್ಳಾದ ತೆಂಗಿನಕಾಯಿಗೂ ಗಟ್ಟಿಯಾದ ಕಬ್ಬಿಣದ ಗುಂಡಿಗೂ ನೆರಳು ಒಂದೇ, ಛೇದಗಳು ಬೇರೆ.

ಸಾಬೂನನ್ನು ಸಮಘನವಾಗಿ ಕತ್ತರಿಸಿಕೊಳ್ಳಿ. ಅದಕ್ಕೆ ಆರು ಮುಖಗಳು, ಹನ್ನೆರಡು ಅಂಚುಗಳು, ಎಂಟು ಮೂಲೆಗಳು. ಒಂದು ಮುಖಕ್ಕೆ ಸಮಾನಾಂತರವಾಗಿ ಕೊಯ್ದರೆ ಚೌಕ ಬರುವುದೆಂದು ಮಕ್ಕಳೂ ಬಲ್ಲರು. ಒಂದು ಮೂಲೆಯನ್ನು ಸೀಳಿದರೆ ತ್ರಿಕೋನವು ಬರುವುದು. ಎದುರುಬದುರಿನ ಎರಡು ಅಂಚುಗಳ ಮೂಲಕ ಕೊಯ್ದರೆ ಆಯತವು ಬರುವುದು. ಇನ್ನೇನು ಬರಬಹುದು?

ಸಮಘನವನ್ನು ಒಂದು ಮೂಲೆಯ ಮೇಲೆ, ಎದುರಿನ ಮೂಲೆಯು ನೇರವಾಗಿ ಮೇಲೆ ಬರುವಂತೆ, ನಿಲ್ಲಿಸಿರುವುದಾಗಿ ಭಾವಿಸಿರಿ. ಈಗ ಮೇಲಿನಿಂದ ಕೆಳಕ್ಕೆ ಅಡ್ಡಡ್ಡವಾಗಿ ಕೊಯ್ಯುತ್ತ ಬನ್ನಿ. ತುದಿಯ ಹತ್ತಿರ ಸಣ್ಣ ಸಮಬಾಹು ತ್ರಿಕೋನ. ಇಳಿದಂತೆಲ್ಲ ಅದು ಬೆಳೆಯುವುದು. ಎತ್ತರದ ಮೂರನೆಯ ಒಂದು ಭಾಗ ಇಳಿದಾಗ ಅದು ಮೂರು ಮೂಲೆಗಳನ್ನು ಮುಟ್ಟುವುದು. ಅಲ್ಲಿಂದ ಮುಂದೆ ತ್ರಿಕೋನದ ಮೂರು ತುದಿಗಳು ಮೊಂಡಾಗಿ ಷಡ್ಭುಜವಾಗುವುದು. ಸರಿಯಾಗಿ ನಡುಮಧ್ಯದಲ್ಲಿ ಆರು ಅಂಚುಗಳ ಮಧ್ಯಬಿಂದುಗಳನ್ನು ಹಾದುಹೋಗುವ ಕೊಯ್ತವು, ಜೇನುಗೂಡಿನ ಕಣ್ಣಿನಂತೆ, ಆರು ಭುಜಗಳೂ ಸಮನಾದ ಷಡ್ಭುಜವನ್ನು ಕೊಡುವುದು. ಎಲ್ಲಿಯೂ ಚೌಕವಲ್ಲದೆ ಬೇರೆ ಮುಖವಿಲ್ಲದ ವಸ್ತುವಿನ ಹೊಟ್ಟೆಯಲ್ಲಿ ಇಂಥ ಷಡ್ಭುಜವು ಅಡಗಿದೆಯೆಂಬುದನ್ನು ನನ್ನ ತರಗತಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸಾಬೂನನ್ನು ಕೊಯ್ದು ನೋಡುವವರೆಗೂ ನಂಬುವುದಿಲ್ಲ.

ಏಳು ಭುಜಗಳು ಬರಬಹುದೇ? ಬರಲಾರವು. ಛೇದದ ಒಂದೊಂದು ಭುಜವೂ ಸಮಘನದ ಒಂದೊಂದು ಮುಖದ ಮೇಲೆ ಬಿದ್ದ ಗಾಯ. ಮುಖಗಳು ಆರೇ, ಗಾಯಗಳೂ ಆರನ್ನು ಮೀರಲಾರವು. ಪಂಚಭುಜವು ಬರುವುದೇ? ಬರುವುದು, ಆದರೆ ಐದು ಭುಜಗಳೂ ಐದು ಕೋನಗಳೂ ಸಮನಾದ ಪಂಚಭುಜವು ಎಂದಿಗೂ ಬಾರದು. ಆರು ಮುಖಗಳಲ್ಲಿ ಐದನ್ನು ಆರಿಸಿದರೆ ಅವುಗಳಲ್ಲಿ ಎರಡು ಜೊತೆ ಎದುರುಬದುರು ಮುಖಗಳು ಇದ್ದೇ ಇರುವುವು. ಎದುರುಬದುರು ಮುಖಗಳು ಸಮಾನಾಂತರ. ಆದುದರಿಂದ ಒಂದೇ ಸಮತಲವು ಅವುಗಳ ಮೇಲೆ ಬಿಡಿಸುವ ಗೆರೆಗಳೂ ಸಮಾನಾಂತರವಾಗಿರಬೇಕು. ಸಮಪಂಚಭುಜದಲ್ಲಿಯಾದರೋ ಸಮಾನಾಂತರವಾದ ಎರಡು ಭುಜಗಳೇ ಇಲ್ಲ. ವಾದವು ಇಷ್ಟೆ. ಒಂದು ಅಂಕಿಯನ್ನೂ ಬರೆಯದೆ, ಒಂದು ಗೆರೆಯನ್ನೂ ಎಳೆಯದೆ, ಲೋಕದಲ್ಲಿ ಯಾರೂ ಎಂದೂ ಮಾಡಲಾಗದ ಕಾರ್ಯವೊಂದನ್ನು ನಾವು ಕುಳಿತಲ್ಲಿಯೇ ನಿರ್ಣಯಿಸಿದೆವು. ರೇಖಾಗಣಿತದ ಮಹಿಮೆಯು ಇಲ್ಲಿದೆ.

ಇನ್ನು ಶಂಕುವಿನ ವಿಚಾರ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಮೆನೆಕ್ಮಸ್ ಎಂಬ ಪಂಡಿತನು ಸಮಘನವೊಂದನ್ನು ದ್ವಿಗುಣಮಾಡುವ ಸಮಸ್ಯೆಯನ್ನು ಬಿಡಿಸಹೋಗಿ ಶಂಕುಚ್ಛೇದಗಳನ್ನು ಕಂಡನು. ಆಮೇಲೆ ಪೆರ್ಗ ಪಟ್ಟಣದ ಅಪಲೋನಿಯಸನು ಎಂಟು ಸಂಪುಟಗಳ ಗ್ರಂಥವನ್ನು ಬರೆದು, ಒಂದೇ ಶಂಕುವನ್ನು ಬೇರೆ ಬೇರೆ ಓರೆಯಲ್ಲಿ ಕೊಯ್ದು ಈ ರೇಖೆಗಳೆಲ್ಲವನ್ನೂ ಪಡೆಯಬಹುದೆಂದು ತೋರಿಸಿದನು. ಅವುಗಳಲ್ಲಿ ಏಳು ಸಂಪುಟಗಳು ಉಳಿದಿವೆ. ಮೂರನ್ನು ಉಳಿಸಿಕೊಟ್ಟವರು ಅರಬ್ಬೀ ಭಾಷಾಂತರಕಾರರು.

ರಾತ್ರಿ ಟಾರ್ಚು ದೀಪವನ್ನು ಗೋಡೆಗೆ ನೇರವಾಗಿ ಹಿಡಿಯಿರಿ. ಟಾರ್ಚಿನಿಂದ ಹೊರಡುವ ಬೆಳಕು ಶಂಕುವಿನ ಆಕಾರದಲ್ಲಿದೆ. ಗೋಡೆಯು ಅದನ್ನು ಕತ್ತರಿಸುವ ಸಮತಲ. ಮೊದಲು ಕಾಣುವುದು ವೃತ್ತ. ದೀಪವನ್ನು ಸ್ವಲ್ಪ ಓರೆಮಾಡಿದರೆ ವೃತ್ತವು ಉದ್ದವಾಗಿ ದೀರ್ಘವೃತ್ತವಾಗುವುದು. ಓರೆಯನ್ನು ಹೆಚ್ಚಿಸುತ್ತ ಹೋದರೆ, ಬೆಳಕಿನ ಮೇಲಂಚು ಗೋಡೆಗೆ ಸಮಾನಾಂತರವಾಗುವ ಒಂದು ಗಳಿಗೆಯಲ್ಲಿ ಆಕೃತಿಯ ಬಾಯಿ ತೆರೆದುಕೊಳ್ಳುವುದು, ಅದು ಪರವಲಯ. ಅದಕ್ಕೂ ಮೀರಿದರೆ ಅತಿಪರವಲಯ. ಹಾಸಿಗೆಯ ಪಕ್ಕದ ದೀಪದ ಮುಸುಕು ಗೋಡೆಯ ಮೇಲೆ ಬಿಡಿಸುವ ಬೆಳಕಿನ ಅಂಚು ಈ ಅತಿಪರವಲಯವೇ.

ಇಲ್ಲಿ ಒಂದು ಸಂಶಯವು ಹುಟ್ಟಬೇಕು. ಶಂಕುವು ಮೇಲೆ ಕಿರಿದು, ಕೆಳಗೆ ಅಗಲ. ಹೀಗಿರುವಾಗ ಓರೆಯಾದ ಕೊಯ್ತವು ಕೆಳಗಿನ ತುದಿಯಲ್ಲಿ ದಪ್ಪವಾಗಿ, ಮೇಲಿನ ತುದಿಯಲ್ಲಿ ಚೂಪಾಗಿ, ಕೋಳಿಮೊಟ್ಟೆಯಂತೆ ಇರಬೇಡವೇ? ಈ ಸಂಶಯವು ತಮಗೆ ಬಂದಿದ್ದರೆ ನಾಚಬೇಕಾದುದಿಲ್ಲ. ಜರ್ಮನಿಯ ಮಹಾಚಿತ್ರಕಾರನಾದ ಆಲ್ಬ್ರೆಕ್ಟ್ ಡ್ಯೂರರನು 1525ರಲ್ಲಿ ಅಚ್ಚುಹಾಕಿಸಿದ ತನ್ನ ಗ್ರಂಥದಲ್ಲಿ ದೀರ್ಘವೃತ್ತವನ್ನು ಮೊಟ್ಟೆಯ ಆಕಾರದಲ್ಲಿಯೇ ಬರೆದು, ಅದಕ್ಕೆ ಮೊಟ್ಟೆಗೆರೆ ಎಂದೇ ಹೆಸರಿಟ್ಟನು. ಅವನಂಥ ಕಣ್ಣಿಗೂ ಮೋಸವಾಯಿತು.

ಮೋಸವನ್ನು ಬಿಡಿಸುವ ವಾದವನ್ನು 1822ರಲ್ಲಿ ದಾಂದಲೇನ್ ಎಂಬ ವಿದ್ವಾಂಸನು ಕೊಟ್ಟನು. ತುದಿಯನ್ನು ಮೇಲೆಮಾಡಿ ನಿಲ್ಲಿಸಿದ ಕಾಗದದ ಶಂಕುವನ್ನು ಭಾವಿಸಿರಿ. ಅದರೊಳಗೆ ಓರೆಯಾಗಿ ಒಂದು ಗಾಜಿನ ಹಲಗೆಯನ್ನು ಸೇರಿಸಿದೆ. ಹಲಗೆಯ ಮೇಲ್ಗಡೆ ಒಂದು ಸಣ್ಣ ಚೆಂಡು; ಅದು ಶಂಕುವನ್ನು ಸುತ್ತಲೂ ಬಳೆಯಂತೆ ಮುಟ್ಟುತ್ತ, ಗಾಜನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತಿದೆ. ಹಲಗೆಯ ಕೆಳಗಡೆ ದೊಡ್ಡ ಚೆಂಡೊಂದು ಹಾಗೆಯೇ ಮುಟ್ಟುತ್ತಿದೆ. ಈಗ ಕೊಯ್ತದ ಅಂಚಿನ ಮೇಲೆ ಯಾವುದಾದರೂ ಒಂದು ಬಿಂದುವನ್ನು ಹಿಡಿಯಿರಿ. ಹೊರಗಿನ ಒಂದು ಬಿಂದುವಿನಿಂದ ಚೆಂಡಿಗೆ ಎಳೆದ ಸ್ಪರ್ಶರೇಖೆಗಳೆಲ್ಲವೂ ಒಂದೇ ಉದ್ದ. ಆದುದರಿಂದ ನಮ್ಮ ಬಿಂದುವಿನಿಂದ ಸಣ್ಣ ಚೆಂಡು ಗಾಜನ್ನು ಮುಟ್ಟಿದ ಸ್ಥಳಕ್ಕೆ ಎಷ್ಟು ದೂರವೋ, ಶಂಕುವಿನ ಮೈಮೇಲೆ ನೆಟ್ಟಗೆ ಏರಿ ಮೇಲಿನ ಬಳೆಗೆ ಹೋಗಲೂ ಅಷ್ಟೇ ದೂರ. ಹಾಗೆಯೇ ದೊಡ್ಡ ಚೆಂಡು ಗಾಜನ್ನು ಮುಟ್ಟಿದ ಸ್ಥಳಕ್ಕೆ ಎಷ್ಟೋ, ಕೆಳಗಿನ ಬಳೆಗೂ ಅಷ್ಟು. ಎರಡನ್ನೂ ಕೂಡಿಸಿದರೆ ಬರುವುದು ಬಳೆಯಿಂದ ಬಳೆಗೆ ಇರುವ ಅಂತರ. ಅದಾದರೋ ಶಂಕುವಿನ ಸುತ್ತ ಎಲ್ಲಿ ಅಳೆದರೂ ಒಂದೇ. ಎಂದ ಮೇಲೆ, ಕೊಯ್ತದ ಅಂಚಿನ ಯಾವ ಬಿಂದುವಿನಿಂದಲೇ ಆಗಲಿ ಆ ಎರಡು ಸ್ಥಳಗಳಿಗೆ ಇರುವ ದೂರಗಳ ಮೊತ್ತವು ಬದಲಾಗದು. ಎರಡು ಮೊಳೆಗಳಿಗೆ ದಾರವನ್ನು ಸಡಿಲವಾಗಿ ಕಟ್ಟಿ, ಕಡ್ಡಿಯಿಂದ ಬಿಗಿಹಿಡಿದು ತೋಟಗಾರನು ಹೂವಿನ ಪಾತಿಗೆ ಎಳೆಯುವ ಗೆರೆಯೂ ಇದೇ. ಮೊಳೆಗಳೆರಡೂ ಸಮಾನವಾದುದರಿಂದ ಗೆರೆಯ ಎರಡು ತುದಿಗಳೂ ಸಮಾನ, ಮೊಟ್ಟೆಯಾಗಲು ಅವಕಾಶವಿಲ್ಲ.

ಆ ಎರಡು ಸ್ಥಳಗಳಿಗೆ ನಾಭಿಗಳೆಂದು ಹೆಸರು. ಮೆನೆಕ್ಮಸನು ಕಂಡ ರೇಖೆಗಳು ಸುಮಾರು ಎರಡು ಸಾವಿರ ವರ್ಷ ಪಂಡಿತರ ವಿನೋದವಾಗಿ ಉಳಿದಿದ್ದವು. 1609ರಲ್ಲಿ ಕೆಪ್ಲರನು ಮಂಗಳಗ್ರಹವು ಸುತ್ತುವುದು ದೀರ್ಘವೃತ್ತದಲ್ಲಿಯೆಂದೂ, ಸೂರ್ಯನಿರುವುದು ಅದರ ಒಂದು ನಾಭಿಯಲ್ಲಿಯೆಂದೂ ಪ್ರಕಟಿಸಿದನು. 1638ರಲ್ಲಿ ಗೆಲಿಲಿಯೋ, ಗಾಳಿಯ ತಡೆಯನ್ನು ಬಿಟ್ಟರೆ, ಎಸೆದ ಕಲ್ಲಿನ ಹಾದಿಯು ಪರವಲಯವೆಂದು ತೋರಿಸಿದನು. ಒಂದು ವಿದ್ಯೆಯಿಂದ ಪ್ರಯೋಜನವೇನೆಂದು ಕೇಳುವವರು ಈ ಎರಡು ಸಾವಿರ ವರ್ಷಗಳನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಘನಾಕೃತಿಯನ್ನು ಕೊಯ್ದು ಚಪ್ಪಟೆಯ ಆಕೃತಿಗಳನ್ನು ಪಡೆದೆವು. ತಿರುಗಾ ಚಪ್ಪಟೆಯ ಛೇದಗಳಿಂದ ಘನಾಕೃತಿಯನ್ನು ತಿಳಿಯಬಹುದೇ? ಒಂದರ ಮೇಲೊಂದು ಪೇರಿಸಿದ ನಾಣ್ಯಗಳನ್ನು ಕೈಯಿಂದ ಪಕ್ಕಕ್ಕೆ ಒತ್ತಿ ಓರೆಮಾಡಿದರೂ ಲೋಹದ ಮೊತ್ತವು ಬದಲಾಗುವುದಿಲ್ಲ. ಎರಡು ವಸ್ತುಗಳು ಒಂದೇ ಎತ್ತರವಾಗಿದ್ದು, ಪ್ರತಿಯೊಂದು ಮಟ್ಟದಲ್ಲಿಯೂ ಅವುಗಳ ಛೇದಗಳ ಕ್ಷೇತ್ರಫಲವು ಸಮವಾಗಿದ್ದರೆ, ಅವುಗಳ ಘನಫಲವೂ ಸಮ. ಇಟಲಿಯ ಕವಲಿಯೇರಿಯು 1635ರಲ್ಲಿ ಪ್ರಕಟಿಸಿದ ಈ ತತ್ತ್ವವನ್ನು ಚೀನಾದೇಶದವರು ಅವನಿಗೆ ಸಾವಿರ ವರ್ಷಕ್ಕೂ ಹಿಂದೆಯೇ ಉಪಯೋಗಿಸಿದ್ದರು.

ಇದರ ಬಲದಿಂದ ಗೋಳವನ್ನು ಅಳೆಯೋಣ. ಅರ್ಧಗೋಳವೊಂದನ್ನು ಬೋರಲು ಹಾಕಿರಿ. ಅದರ ಪಕ್ಕದಲ್ಲಿ ಅಷ್ಟೇ ಅಗಲ, ಅಷ್ಟೇ ಎತ್ತರದ ಉರುಳೆ. ಅದರಿಂದ, ತುದಿಯು ತಳದ ನಡುವನ್ನು ಮುಟ್ಟುವಂತೆ, ಶಂಕುವೊಂದನ್ನು ಕೊರೆದು ತೆಗೆದಿದೆ. ಯಾವ ಮಟ್ಟದಲ್ಲಿ ಕೊಯ್ದರೂ ಅರ್ಧಗೋಳದಲ್ಲಿ ವೃತ್ತವು ಬರುವುದು. ಉರುಳೆಯಲ್ಲಿ ಬಳೆಯು ಬರುವುದು. ತ್ರಿಜ್ಯದ ವರ್ಗದಿಂದ ಎತ್ತರದ ವರ್ಗವನ್ನು ಕಳೆದರೆ ಗೋಳದ ಕೊಯ್ತದ ತ್ರಿಜ್ಯದ ವರ್ಗವು ಬರುವುದು. ಬಳೆಯಾದರೂ ಅದೇ ವ್ಯವಕಲನ. ಆದುದರಿಂದ ಎರಡೂ ಸಮ. ಉರುಳೆಯಿಂದ ಕೊರೆದ ಶಂಕು ಅದರ ಮೂರನೆಯ ಒಂದು ಭಾಗ. ಉಳಿದುದು ಮೂರರಲ್ಲಿ ಎರಡು ಭಾಗ. ಗೋಳವು ತನ್ನನ್ನು ಸುತ್ತುವ ಉರುಳೆಯ ಮೂರರಲ್ಲಿ ಎರಡು ಭಾಗವೆಂಬುದು ಹೀಗೆ ಸಿದ್ಧವಾಯಿತು. ಆರ್ಕಿಮಿಡೀಸನು ತನ್ನ ಸಮಾಧಿಯ ಮೇಲೆ ಈ ಎರಡು ಆಕೃತಿಗಳನ್ನು ಕೆತ್ತಿಸಬೇಕೆಂದು ಬಯಸಿದನು. ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೋ ಪೊದೆಗಳ ನಡುವೆ ಆ ಗುರುತಿನಿಂದಲೇ ಸಮಾಧಿಯನ್ನು ಪತ್ತೆಹಚ್ಚಿದನು.

ನಮ್ಮ ದೇಶದಲ್ಲಿಯೂ ಈ ಲೆಕ್ಕಕ್ಕಾಗಿ ಬಹಳ ಶ್ರಮವು ನಡೆಯಿತು. 499ರಲ್ಲಿ ಆರ್ಯಭಟನು ಕೊಟ್ಟ ಸೂತ್ರವು ಗೋಳದ ಘನಫಲವನ್ನು ನಿಜಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚಾಗಿ ಹೇಳುವುದು. ಕನ್ನಡ ನಾಡಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಎರಡು ಬೆಲೆಗಳನ್ನು ಕೊಟ್ಟನು. ತ್ರಿಜ್ಯದ ಘನವನ್ನು ನಾಲ್ಕೂವರೆಯಿಂದ ಗುಣಿಸುವುದು ವ್ಯವಹಾರಕ್ಕೆ. ಅದರ ಹತ್ತರಲ್ಲಿ ಒಂಬತ್ತು ಪಾಲು, ಎಂದರೆ 4.05, ಸೂಕ್ಷ್ಮಕ್ಕೆ. ನಿಜವಾದ ಸಂಖ್ಯೆ ಸುಮಾರು 4.19. ಅವನು ಬಹಳ ಹತ್ತಿರಕ್ಕೆ ಬಂದಿದ್ದನು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಸರಿಯಾದ ಸೂತ್ರವನ್ನು ಕೊಟ್ಟನು. 16ನೆಯ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವನು ಮಲಯಾಳದಲ್ಲಿ ಬರೆದ ಯುಕ್ತಿಭಾಷೆಯಲ್ಲಿ ಗೋಳವನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಕೂಡಿಸಿ, ಅದಕ್ಕೆ ಯುಕ್ತಿಯನ್ನು ತೋರಿಸಿದನು. ದೊಡ್ಡವರು ತಪ್ಪಿದರು, ಆಮೇಲಿನವರು ತಿದ್ದಿದರು. ಇದು ವಿದ್ಯೆಗೆ ಅವಮಾನವಲ್ಲ, ಅದು ಬೆಳೆಯುವ ಕ್ರಮವೇ ಹೀಗೆ.

ಛೇದಗಳಿಂದ ಘನವನ್ನು ಕಾಣುವ ಅಭ್ಯಾಸವು ನಮಗೆ ಹೊಸದಲ್ಲ. ಹೊಯ್ಸಳರ ಗುಡಿಗಳಲ್ಲಿ ಕಡೆದ ಕಂಬಗಳನ್ನು ನೋಡಿರಿ. ಎಲ್ಲಿ ಅಡ್ಡಲಾಗಿ ಕೊಯ್ದರೂ ವೃತ್ತವೇ. ಕಂಬಕ್ಕೆ ಗಂಟೆಯ, ಕಲಶದ ರೂಪವು ಬಂದಿರುವುದು ಆ ವೃತ್ತಗಳ ಹಿಗ್ಗುಕುಗ್ಗುಗಳಿಂದ. ಚನ್ನಪಟ್ಟಣದ ಬೊಂಬೆಯೂ ಮಕ್ಕಳ ಬುಗುರಿಯೂ ಇದೇ ಜಾತಿ. ಸರ್ವೇ ನಕ್ಷೆಯಲ್ಲಿ ಚಾಮುಂಡಿ ಬೆಟ್ಟದ ಸುತ್ತ ಕಾಣುವ ಬಳುಕು ಗೆರೆಗಳು ಬೆಟ್ಟವನ್ನು ಸಮನಾದ ಎತ್ತರಗಳಲ್ಲಿ ಅಡ್ಡಕೊಯ್ದ ಛೇದಗಳ ಅಂಚುಗಳು. ಗೆರೆಗಳು ಒತ್ತಾಗಿರುವಲ್ಲಿ ಏರು ಕಡಿದು.

ಕೊನೆಯದಾಗಿ, ಕೊಯ್ಯದೆಯೇ ಕೊಯ್ತವನ್ನು ಕಾಣುವ ವಿಚಾರ. 1895ರಲ್ಲಿ ರಂಟ್ಗೆನ್ ಕಂಡುಹಿಡಿದ ಎಕ್ಸ್‌ರೇ ಕಿರಣಗಳು ದೇಹದ ನೆರಳನ್ನು ಕೊಡುವುವು. ನೆರಳಿನಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುವುದರಿಂದ, ತಲೆಬುರುಡೆಯ ಒಳಗೆ ಗಡ್ಡೆಯೊಂದು ಇದ್ದರೂ ಅದು ಕಾಣದೆ ಹೋಗಬಹುದು. ವೈದ್ಯನಿಗೆ ಬೇಕಾದುದು ನೆರಳಲ್ಲ, ಛೇದ. ಬದುಕಿರುವ ಮನುಷ್ಯನ ತಲೆಯನ್ನು ಸೌತೆಕಾಯಿಯಂತೆ ಕೊಯ್ಯುವುದುಂಟೇ? ಎಲ್ಲ ದಿಕ್ಕುಗಳಿಂದಲೂ ಮಾಡಿದ ಅಳತೆಗಳಿದ್ದರೆ ಒಳಗಣ ಛೇದವನ್ನು ಲೆಕ್ಕದಿಂದ ಮರಳಿ ಪಡೆಯಬಹುದೆಂದು ಆಸ್ಟ್ರಿಯದ ಗಣಿತಜ್ಞ ರಾಡನ್ 1917ರಲ್ಲಿಯೇ ಸಾಧಿಸಿದ್ದನು. ಆಗ ಅವನ ಮನಸ್ಸಿನಲ್ಲಿ ಆಸ್ಪತ್ರೆಯಿರಲಿಲ್ಲ. ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿಯು 1963–64ರಲ್ಲಿ ಈ ಲೆಕ್ಕವನ್ನು ಸ್ವತಂತ್ರವಾಗಿ ಮಾಡಿದನು. ಇಂಗ್ಲೆಂಡಿನ ಇಂಜಿನಿಯರ್ ಹೌನ್ಸ್‌ಫೀಲ್ಡ್ ಯಂತ್ರವನ್ನು ಕಟ್ಟಿದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೆದುಳಿನ ಗಡ್ಡೆಯ ಶಂಕೆಯಿದ್ದ ರೋಗಿಯೊಬ್ಬಳ ತಲೆಯ ಛೇದವು ಮೊದಲ ಬಾರಿಗೆ ಈ ರೀತಿಯಲ್ಲಿ ಕಾಣಿಸಿತು. ಗಡ್ಡೆಯಿದ್ದ ಸ್ಥಳವೂ ಕಾಣಿಸಿತು. 1979ರಲ್ಲಿ ಅವರಿಬ್ಬರಿಗೂ ನೊಬೆಲ್ ಬಹುಮಾನವು ಬಂದಿತು. ಸಿ. ಟಿ. ಸ್ಕ್ಯಾನ್ ಎಂದು ಈಗ ಎಲ್ಲರ ಬಾಯಲ್ಲಿಯೂ ಇರುವುದು ಇದೇ. ಅದು ಕೊಡುವ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ವೈದ್ಯನು ಗಡ್ಡೆಯ ಗಾತ್ರವನ್ನು ಅಳೆಯುವಾಗ, ಆರ್ಕಿಮಿಡೀಸನೂ ಜ್ಯೇಷ್ಠದೇವನೂ ಮಾಡಿದ ಕೆಲಸವನ್ನೇ ಮಾಡುತ್ತಾನೆ.

ಶ್ರೋತೃಗಳೇ, ನಮ್ಮ ಹುಡುಗರು ಸೂತ್ರಗಳನ್ನು ಕಂಠಪಾಠಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ. ನಾನೂ ಹಾಗೆಯೇ ತೇರ್ಗಡೆಯಾದವನು. ತಗಡಿನ ಸಾಹೇಬರ ಪ್ರಶ್ನೆಯ ತರುವಾಯ ನಾನು ತರಗತಿಗೆ ಚೂರಿಯನ್ನೂ ಆಲೂಗೆಡ್ಡೆಗಳನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ. ಮೊದಲು ಏನು ಬರುವುದೆಂದು ಊಹಿಸಬೇಕು, ಆಮೇಲೆ ಕೊಯ್ಯಬೇಕು; ಊಹೆಯು ತಪ್ಪಿದರೆ ಏಕೆ ತಪ್ಪಿತೆಂದು ಹೇಳಬೇಕು. ತರಗತಿಯಲ್ಲಿ ಗಲಾಟೆಯು ಹೆಚ್ಚಿದೆಯೆಂಬುದು ನಿಜ. ಪ್ರಶ್ನೆಗಳೂ ಹೆಚ್ಚಿವೆ.

ತಮಗೂ ಒಂದು ಪ್ರಶ್ನೆಯನ್ನು ಬಿಟ್ಟುಹೋಗುತ್ತೇನೆ. ಒಂದು ಹಲಗೆಯಲ್ಲಿ ಮೂರು ರಂಧ್ರಗಳಿವೆ: ಒಂದು ದುಂಡು, ಒಂದು ಚೌಕ, ಒಂದು ತ್ರಿಕೋನ. ವೃತ್ತದ ವ್ಯಾಸ, ಚೌಕದ ಭುಜ, ತ್ರಿಕೋನದ ತಳ ಮತ್ತು ಎತ್ತರ, ಎಲ್ಲವೂ ಒಂದೇ ಅಳತೆ. ಒಂದೇ ಬಿರಡೆಯು ಈ ಮೂರು ರಂಧ್ರಗಳನ್ನೂ ಬೆಳಕು ನುಸುಳದಂತೆ ಮುಚ್ಚಬೇಕು. ಅಗಲವೂ ಉದ್ದವೂ ಸಮನಾಗಿರುವ ಸೌತೆಕಾಯಿಯ ತುಂಡಿನಿಂದ ಪ್ರಾರಂಭಿಸಿರಿ. ಎರಡು ಓರೆಯ ಕೊಯ್ತಗಳು ಸಾಕು.